ಎಬ್ಬಿಸುತ್ತೇವೆಂದು ಕೊಟ್ಟ ಮಾತು: ಅಜ್ಜಿಯ ಕೊನೆಗಾಲದಲ್ಲಿ ದೊಡ್ಡವಳಾದ ರೈತ ಕುಟುಂಬದ ಹುಡುಗಿಯೊಬ್ಬಳ ಪ್ರಕರಣ

ಹಿನ್ನೆಲೆ

ಗುಣವಾಗದ ಕಾಯಿಲೆಯಲ್ಲಿರುವವರನ್ನು ಅವರ ಮನೆಯಲ್ಲಿಯೇ ಕಂಡು ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆ ನೀಡುವ ತಂಡವೊಂದರಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಈ ಪ್ರಕರಣದಲ್ಲಿ ನಮ್ಮನ್ನು ಕರೆಸಿದ್ದು 71 ವರ್ಷದ ಅಜ್ಜಿಯೊಬ್ಬರ ಆರೈಕೆಗೆ. ಆದರೆ ಇದನ್ನು ಬರೆಯಲೇಬೇಕೆಂದು ನನಗೆ ಅನಿಸಿದ್ದು ಅವರ ಮೊಮ್ಮಗಳಿಂದ; ಆಗ ಅವಳಿಗೆ 13 ವರ್ಷ ತುಂಬಿ ಎರಡು ತಿಂಗಳಾಗಿತ್ತು. ಹುಡುಗಿಯೂ ಅವಳ ತಂದೆತಾಯಿಯೂ ಒಪ್ಪಿದ ಮೇಲೆ, ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟು, ಕೆಲವನ್ನು ಬದಲಿಸಿ ಬರೆದಿದ್ದೇನೆ. ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ, ನಮ್ಮಿಂದಾದ ತಪ್ಪನ್ನೂ ಸೇರಿಸಿ.

ಸ್ವಲ್ಪ ಹೊಲ, ಐದು ಹಸು ಇದ್ದ ಮನೆ ಅದು. ತಂದೆ ಹೊಲದ ಕೆಲಸ ನೋಡಿಕೊಳ್ಳುತ್ತಿದ್ದರು, ತಾಯಿ ಬೆಳಗ್ಗೆಯೇ ಹೊರಗಿನ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಿದ್ದರು, ಕೊಟ್ಟಿಗೆ ಪೂರ್ತಿಯಾಗಿ ಅಜ್ಜಿಯದಾಗಿತ್ತು. ಒಬ್ಬಳೇ ಮಗಳಾದ ಹುಡುಗಿ ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕದಲ್ಲಿಯೇ ಮಲಗಿ, ಅಜ್ಜಿಯ ಹಿಂದೆಯೇ ಎದ್ದು ಬೆಳೆದವಳು. ಅಜ್ಜಿಗೆ ಓದುಬರಹ ಗೊತ್ತಿರಲಿಲ್ಲ. ಆದರೂ ಯಾವ ಹಸು ಯಾವ ದಿನ ಗಬ್ಬ ಕಟ್ಟಿತು, ಯಾವುದಕ್ಕೆ ಎಷ್ಟನೆಯ ಸೂಲು, ಯಾವುದರ ಕೆಚ್ಚಲು ಬೇಗ ಬಾವು ಬರುತ್ತದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಹಸು ಗಬ್ಬವಾದ ದಿನದಿಂದ ಸುಮಾರು 280 ದಿನ ಎಣಿಸಿ ಅವರು ಹೇಳಿದ ವಾರದಲ್ಲಿಯೇ ಕರು ಬೀಳುತ್ತಿತ್ತು ಎಂದು ತಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಹುಡುಗಿ ಹತ್ತನೆಯ ವಯಸ್ಸಿಗೇ ಬಾಲದ ಬುಡದ ಎರಡೂ ಪಕ್ಕ ಒತ್ತಿ ನೋಡಿ, ಅಲ್ಲಿನ ಕಟ್ಟು ಸಡಿಲಾಗಿದ್ದರೆ ಇನ್ನು ಒಂದೆರಡು ದಿನದಲ್ಲಿ ಹಸು ಈಯುತ್ತದೆ ಎಂದು ತಿಳಿಯುವುದನ್ನು ಕಲಿತಿದ್ದಳು.

ಅಜ್ಜಿಗೆ ಬೆನ್ನುನೋವು, ಹಸಿವಿಲ್ಲದಿರುವಿಕೆ ಶುರುವಾಗಿ, ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಕರೆದೊಯ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಅದು ಆಗಲೇ ಯಕೃತ್ತಿಗೂ ಹರಡಿತ್ತು. ಈ ಕ್ಯಾನ್ಸರ್ ಬಹಳ ಸಲ ತಡವಾಗಿಯೇ ಕಾಣಿಸಿಕೊಳ್ಳುತ್ತದೆ, ಆ ಹಂತದಲ್ಲಿ ಗುಣಪಡಿಸುವ ಚಿಕಿತ್ಸೆ ಇರುವುದಿಲ್ಲ. ವೈದ್ಯರು ಇದನ್ನು ತಂದೆಯನ್ನು ಮಾತ್ರ ಹೊರಗೆ ಕರೆದು ತಿಳಿಸಿದರು. ತಂದೆ ತಮ್ಮ ಹೆಂಡತಿಗೂ, ಬೇರೆ ಊರಿನಲ್ಲಿದ್ದ ತಂಗಿಗೂ ಹೇಳಿದರು. ತಮ್ಮ ತಾಯಿಗೆ, ಅಂದರೆ ಅಜ್ಜಿಗೆ, ಹೊಟ್ಟೆಯ ಹುಣ್ಣು ಎಂದರು, ಮಗಳಿಗೆ ಕಾಮಾಲೆ ಎಂದರು, ಎರಡೂ ವಾಸಿಯಾಗುತ್ತವೆ ಎಂದರು.

ಸಮಸ್ಯೆ

ನಾವು ಮೊದಲ ಸಲ ಹೋದಾಗ ಬಾಗಿಲಲ್ಲಿಯೇ ತಂದೆ ನಮ್ಮನ್ನು ನಿಲ್ಲಿಸಿ, ಕಾಯಿಲೆಯ ಹೆಸರನ್ನು ಒಳಗೆ ಎತ್ತಬಾರದೆಂದು ಕೈಮುಗಿದು ಕೇಳಿಕೊಂಡರು. ಇಂಥ ಕೋರಿಕೆ ನಮಗೆ ಹೊಸದಲ್ಲ. ಅದರ ಹಿಂದೆ ಇರುವುದು ಪ್ರೀತಿಯೇ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಅದೇ ದಿನ, ಮಗ ಹೊರಗೆ ಹೋದ ಹೊತ್ತು ನೋಡಿ ಅಜ್ಜಿ ನನ್ನ ಕೈ ಹಿಡಿದು, ‘ನನಗೆ ಏನಾಗಿದೆ ಅಂತ ನನಗೆ ಗೊತ್ತು. ನನಗೆ ಗೊತ್ತಾಗಿದೆ ಅಂತ ಮಗನಿಗೆ ಗೊತ್ತಾದರೆ ಅವನು ಕುಸಿದುಹೋಗುತ್ತಾನೆ, ಅದಕ್ಕೇ ಸುಮ್ಮನಿದ್ದೇನೆ’ ಎಂದರು. 1965ರಲ್ಲಿ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಮಾಜವಿಜ್ಞಾನಿಗಳು, ಸಾಯುತ್ತಿರುವವರ ಸುತ್ತ ಅರಿವು ಹೇಗೆ ಹಂಚಿಕೊಂಡಿರುತ್ತದೆ ಎಂಬುದನ್ನು ನಾಲ್ಕು ಬಗೆಯಾಗಿ ವಿವರಿಸಿದರು. ಅವುಗಳಲ್ಲೊಂದು, ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಗೊತ್ತಿಲ್ಲದಂತೆ ನಡೆದುಕೊಳ್ಳುವ ಸ್ಥಿತಿ. ಆ ಮನೆ ಅದರೊಳಗೇ ಇತ್ತು, ಹುಡುಗಿಯೊಬ್ಬಳು ಅದರ ಹೊರಗೆ ನಿಂತಿದ್ದಾಳೆ ಎಂದು ದೊಡ್ಡವರೆಲ್ಲ ನಂಬಿದ್ದರು.

ಹಾಗೆ ನಂಬಲು ಆಧಾರವೇ ಇರಲಿಲ್ಲ. ಮಕ್ಕಳು ಸಾವನ್ನು ಹೇಗೆ ಗ್ರಹಿಸುತ್ತಾರೆ ಎಂಬುದರ ಬಗ್ಗೆ 1948ರಲ್ಲಿ ಹಂಗೇರಿಯ ಮಕ್ಕಳನ್ನು ಕುರಿತು ಮಾರಿಯಾ ನಾಗಿ ಪ್ರಕಟಿಸಿದ ಅಧ್ಯಯನದಿಂದ ಈಚೆಗೆ ಬಹಳ ಕೆಲಸ ನಡೆದಿದೆ. ಸಾವು ಎಲ್ಲರಿಗೂ ಬರುತ್ತದೆ, ಬಂದ ಮೇಲೆ ಹಿಂದಿರುಗುವ ಮಾತಿಲ್ಲ ಎಂಬ ತಿಳಿವಳಿಕೆ ಒಂಬತ್ತು ಹತ್ತನೆಯ ವಯಸ್ಸಿನ ಹೊತ್ತಿಗೆ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಅದರಲ್ಲಿಯೂ ಇವಳು ಕೊಟ್ಟಿಗೆಯಲ್ಲಿ ಬೆಳೆದವಳು. ಹೊಟ್ಟೆಯಲ್ಲೇ ಸತ್ತ ಕರುವನ್ನು ಅಜ್ಜಿ ಎಳೆದು ತೆಗೆಯುವಾಗ ಲಾಟೀನು ಹಿಡಿದು ನಿಂತಿದ್ದವಳು. ಮೇವು ಬಿಟ್ಟು, ಮೈ ಇಳಿದು, ಗೋಡೆ ಕಡೆ ಮುಖ ಮಾಡಿ ಮಲಗಿದ ದನ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಜ್ಜಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದುದನ್ನು ಅವಳು ದಿನವೂ ನೋಡುತ್ತಿದ್ದಳು.

ಹೊರಗೆ ಕಾಣುತ್ತಿದ್ದುದು ಇಷ್ಟು: ಹುಡುಗಿ ಬೆಳಗಿನ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಐದು ಹಸುಗಳ ಪೈಕಿ ಕರೆಯುತ್ತಿದ್ದ ಮೂರರ ಹಾಲು ಕರೆದು, ಗೋದಲಿಗೆ ಮೇವು ಹಾಕಿ ಶಾಲೆಗೆ ಓಡುತ್ತಿದ್ದಳು, ಸಂಜೆ ಮತ್ತೆ ಅದೇ. ಬಂದವರೆಲ್ಲ ‘ಎಷ್ಟು ಬೇಗ ದೊಡ್ಡವಳಾಗಿಬಿಟ್ಟಳು’ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯೇ ನನ್ನನ್ನು ಮೊದಲು ಎಚ್ಚರಿಸಿತು. ದುಃಖದಲ್ಲಿರುವ ಮಗು ಅತ್ತರೆ ಯಾರಾದರೂ ಹತ್ತಿರ ಬರುತ್ತಾರೆ, ಹಟ ಹಿಡಿದರೆ ಬೈಯಲಿಕ್ಕಾದರೂ ಬರುತ್ತಾರೆ, ಆದರೆ ಕೆಲಸ ಮಾಡುತ್ತಾ ಹೋದರೆ ಅದನ್ನು ಅದರ ಪಾಡಿಗೆ ಬಿಟ್ಟು ನೆಮ್ಮದಿಯಾಗಿರುತ್ತಾರೆ. ಶಾಲೆಯಲ್ಲಿ ಅವಳು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾಳೆಂದು ತರಗತಿಯ ಶಿಕ್ಷಕಿ ತಾಯಿಗೆ ತಿಳಿಸಿದ್ದರು.

ಮಾಡಿದ ಪ್ರಯತ್ನಗಳು

ಮೊದಲ ಪ್ರಯತ್ನ ನನ್ನದು, ಅದು ಫಲಿಸಲಿಲ್ಲ. ಎರಡನೆಯ ಭೇಟಿಯಲ್ಲಿ ಹುಡುಗಿಯನ್ನು ಕೋಣೆಯಲ್ಲಿ ಕೂರಿಸಿಕೊಂಡು, ಮನಸ್ಸಿಗೆ ಹೇಗನಿಸುತ್ತಿದೆ ಎಂದು ಕೇಳಿದೆ. ಅವಳು ಚೆನ್ನಾಗಿದ್ದೇನೆ ಎಂದಳು. ನಿದ್ದೆ ಬರುತ್ತದೆಯೇ ಎಂದೆ, ಬರುತ್ತದೆ ಎಂದಳು. ಅಜ್ಜಿಯ ಬಗ್ಗೆ ಏನಾದರೂ ಕೇಳಬೇಕೆಂದಿದೆಯೇ ಎಂದಾಗ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ‘ಕೇಳಿದರೆ ಹೇಳುತ್ತೀರಾ?’ ಎಂದಳು. ಬಾಗಿಲಲ್ಲಿ ತಂದೆಗೆ ಕೊಟ್ಟ ಮಾತು ನೆನಪಾಗಿ ನಾನು ಉತ್ತರ ತಡಮಾಡಿದೆ. ಅವಳು ಹಸುವಿಗೆ ನೀರು ತೋರಿಸಬೇಕೆಂದು ಎದ್ದುಹೋದಳು. ತಡಮಾಡಿದ ಆ ಒಂದು ಕ್ಷಣವನ್ನು ನಾನು ಈಗಲೂ ಮರೆತಿಲ್ಲ.

ಎರಡನೆಯ ಪ್ರಯತ್ನ ಮನೆಯವರದು. ಪರೀಕ್ಷೆ ಹತ್ತಿರವಿದ್ದುದರಿಂದ, ಓದುವ ರಜೆಯಲ್ಲಿ ಹುಡುಗಿಯನ್ನು ಅತ್ತೆಯ, ಅಂದರೆ ತಂದೆಯ ತಂಗಿಯ, ಮನೆಗೆ ಕಳುಹಿಸಿದರು. ಓದಿಗೂ ಅನುಕೂಲ, ಅಜ್ಜಿ ಸೊರಗುವುದನ್ನು ದಿನವೂ ನೋಡುವುದೂ ತಪ್ಪುತ್ತದೆ ಎಂಬುದು ಅವರ ಎಣಿಕೆ. ನಮ್ಮನ್ನು ಕೇಳಿದಾಗ ನಾವು ಬೇಡವೆಂದು ಗಟ್ಟಿಯಾಗಿ ಹೇಳಲಿಲ್ಲ. ಅವಳು ಅಲ್ಲಿ ಒಂಬತ್ತು ದಿನ ಇದ್ದಳು. ಪ್ರತಿ ರಾತ್ರಿ ತಂದೆಗೆ ಫೋನ್ ಮಾಡಿ ಯಾವ ಹಸು ಎಷ್ಟು ಹಾಲು ಕೊಟ್ಟಿತೆಂದು ಕೇಳುತ್ತಿದ್ದಳು. ಅಜ್ಜಿ ಎದ್ದು ಕೂರುತ್ತಾರೆ, ಚೇತರಿಸಿಕೊಳ್ಳುತ್ತಿದ್ದಾರೆ ಎಂದು ತಂದೆ ಹೇಳುತ್ತಿದ್ದರು, ಆದರೆ ಅಜ್ಜಿ ಒಂದು ದಿನವೂ ಫೋನಿಗೆ ಬರಲಿಲ್ಲ. ಒಂಬತ್ತನೆಯ ದಿನ ಅವಳು ಚೀಲ ಕಟ್ಟಿಕೊಂಡು ಅತ್ತೆಯ ಎದುರು ನಿಂತು, ‘ಅಜ್ಜಿ ಸತ್ತುಹೋದರೂ ನನಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೋಗುತ್ತೇನೆ’ ಎಂದಳು. ಅತ್ತೆ ಅವಳನ್ನು ಅಂದೇ ಕರೆತಂದು ಬಿಟ್ಟು ಹೋದರು.

ಅತ್ತೆಯ ಮನೆಯಲ್ಲಿ ಮೂರನೆಯ ದಿನ ಹುಡುಗಿಗೆ ಮೊದಲ ಮುಟ್ಟು ಆಗಿತ್ತು. ಇದು ಯಾರಿಗೂ ತಿಳಿಯಲಿಲ್ಲ. ಹಳೆಯ ಬಟ್ಟೆಯನ್ನು ಮಡಿಸಿ ಇಟ್ಟುಕೊಂಡು, ಕತ್ತಲಲ್ಲಿ ಒಗೆದುಕೊಂಡು, ಅವಳೇ ನಿಭಾಯಿಸಿದ್ದಳು. ಮೊದಲ ಮುಟ್ಟು ಸಾಮಾನ್ಯವಾಗಿ 10ರಿಂದ 16ರ ನಡುವೆ ಆಗುತ್ತದೆ, ಅವಳ ವಯಸ್ಸಿನಲ್ಲಿ ಅದನ್ನು ಯಾರಾದರೂ ನಿರೀಕ್ಷಿಸಬಹುದಾಗಿತ್ತು. ಆದರೂ ನಮ್ಮ ತಂಡದ ಮೂವರಲ್ಲಿ ಒಬ್ಬರೂ, ನಾನೂ ಸೇರಿದಂತೆ, ಅವಳ ದೇಹದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ರೋಗಿಯ ಮನೆಯಲ್ಲಿ ಬೆಳೆಯುತ್ತಿರುವ ಹುಡುಗಿಯ ಬೆಳವಣಿಗೆ ರೋಗಕ್ಕಾಗಿ ಕಾಯುತ್ತಾ ನಿಲ್ಲುವುದಿಲ್ಲ ಎಂಬ ಸರಳ ಸಂಗತಿ ನಮಗೆ ಹೊಳೆದಿರಲಿಲ್ಲ.

ತಿರುವು ಬಂದದ್ದು ಅಜ್ಜಿಯಿಂದ. ಮರಳಿ ಬಂದ ಸಂಜೆ ಹುಡುಗಿ ಹಾಸಿಗೆಯ ಪಕ್ಕ ಕುಳಿತು ಆಡಿದ ಮಾತನ್ನು ಅವಳೇ ನನಗೆ ತಿಂಗಳುಗಳ ನಂತರ ಹೇಳಿದಳು. ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ ತಾಯಿಯೂ ಅದನ್ನೇ ಹೇಳಿದರು.

‘ಅಜ್ಜೀ, ನಾನು ದೊಡ್ಡವಳಾದೆ.’

‘ಯಾವತ್ತು?’

‘ಆರು ದಿನ ಆಯಿತು.’

‘ಯಾರ ಹತ್ತಿರ ಹೇಳಿದೆ?’

‘ಯಾರಿಗೂ ಇಲ್ಲ. ನಿನಗೇ ಮೊದಲು.’

ಅಜ್ಜಿ ಸ್ವಲ್ಪ ಹೊತ್ತು ಅವಳ ಕೈಯನ್ನು ಸವರುತ್ತಾ ಇದ್ದು, ಹೊಟ್ಟೆ ನೋಯುತ್ತದೆಯೇ, ಬಟ್ಟೆ ಸಾಕಷ್ಟಿದೆಯೇ ಎಂದು ವಿಚಾರಿಸಿದರು. ಆಮೇಲೆ, ‘ಹಾಗಾದರೆ ನಾನೂ ಒಂದು ಮಾತನ್ನು ನಿನಗೇ ಮೊದಲು ಹೇಳುತ್ತೇನೆ’ ಎಂದು, ತಮಗೆ ವಾಸಿಯಾಗುವುದಿಲ್ಲವೆಂದೂ, ಹೆಚ್ಚು ದಿನ ಉಳಿದಿಲ್ಲವೆಂದೂ ತಿಳಿಸಿದರು.

ಬಾಗಿಲಲ್ಲಿದ್ದ ತಾಯಿಗೆ ಒಂದೇ ಹೊತ್ತಿನಲ್ಲಿ ಎರಡು ನೋವು. ಮಗಳು ತನಗೆ ಹೇಳಲಿಲ್ಲವಲ್ಲ ಎಂಬುದೊಂದು, ಅಜ್ಜಿಗೆ ಎಲ್ಲ ಗೊತ್ತಿತ್ತಲ್ಲ ಎಂಬುದು ಇನ್ನೊಂದು. ಆದರೆ ಅವರು ಒಳಗೆ ಹೋಗಿ ಹಾಸಿಗೆಯ ಇನ್ನೊಂದು ಪಕ್ಕದಲ್ಲಿ ಕುಳಿತರು. ಮರುದಿನ ಬೆಳಗ್ಗೆ ಮಗಳಿಗೆ ಬೇಕಾದ ಪ್ಯಾಡುಗಳನ್ನು ತಂದುಕೊಟ್ಟರು, ಅದೇ ದಿನ ತಂದೆಯೂ ಕೊನೆಗೆ ತಮ್ಮ ತಾಯಿಯ ಮುಂದೆ ಅತ್ತರು. ಮನೆಯ ಮಾತು ಸಡಿಲಾದದ್ದು ಹೀಗೆ. ಅದನ್ನು ಸಡಿಲಿಸಿದ್ದು ನಮ್ಮ ತರಬೇತಿ ಎಂದು ನಾನು ಹೇಳಿಕೊಳ್ಳಲಾರೆ.

ಅಲ್ಲಿಂದ ಮುಂದೆ ನಮ್ಮ ಕೆಲಸ ಸ್ಪಷ್ಟವಾಯಿತು. ಹುಡುಗಿ ಕೇಳಿದ ಪ್ರಶ್ನೆಗಳಿಗೆಲ್ಲ ನಾನೂ ನಮ್ಮ ದಾದಿಯೂ ತಂದೆತಾಯಿಯ ಎದುರಿಗೇ ಉತ್ತರ ಕೊಟ್ಟೆವು. ಅಜ್ಜಿ ಇನ್ನು ಹೆಚ್ಚು ಹೆಚ್ಚು ನಿದ್ದೆ ಮಾಡುತ್ತಾರೆ. ಊಟ ಬಿಡುತ್ತಾರೆ, ಅದು ಉಪವಾಸದ ಸಂಕಟವಲ್ಲ, ದೇಹಕ್ಕೆ ಆಹಾರ ಬೇಡವಾಗುವ ಹಂತ. ನೋವಿಗೆ ಕೊಡುವ ಮಾರ್ಫಿನ್ ಅನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಬೇಗ ತರುವುದಿಲ್ಲ. ಕೊನೆಯ ದಿನಗಳಲ್ಲಿ ಉಸಿರು ಆಳವಾಗಿ, ಆಮೇಲೆ ಮೆಲ್ಲಗಾಗಿ, ಕೆಲವು ಕ್ಷಣ ನಿಂತು, ಮತ್ತೆ ಶುರುವಾಗಬಹುದು. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು, ಅದು ಕೇಳುವವರನ್ನು ಕಾಡುವಷ್ಟು ಮಲಗಿರುವವರನ್ನು ಕಾಡುವುದಿಲ್ಲ. ಅವಳು ಇವನ್ನೆಲ್ಲ ಕೊಟ್ಟಿಗೆಯ ವಿಷಯ ಕೇಳಿಸಿಕೊಳ್ಳುವಷ್ಟೇ ಏಕಾಗ್ರತೆಯಿಂದ ಕೇಳಿಸಿಕೊಂಡಳು.

ಆರೈಕೆಯಲ್ಲಿ ಅವಳಿಗೂ ಪಾಲು ಬೇಕೆಂದಳು. ಇಲ್ಲಿ ನಾವು ಎಲ್ಲಿ ಗೆರೆ ಎಳೆಯಬೇಕೆಂದು ಸಾಕಷ್ಟು ಚರ್ಚಿಸಿದೆವು. ಒಣಗಿದ ತುಟಿ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಕೈಕಾಲಿಗೆ ಎಣ್ಣೆ ಹಚ್ಚುವುದು, ತಾಯಿಯೊಂದಿಗೆ ಸೇರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅವಳ ಪಾಲಿಗೆ ಬಂದವು. ಔಷಧಿಯ ಪ್ರಮಾಣ ಅಳೆದು ಕೊಡುವುದು, ರಾತ್ರಿ ಎಚ್ಚರವಿರುವುದು, ಮಲಮೂತ್ರದ ಕೆಲಸ, ಇವು ಮೂರೂ ದೊಡ್ಡವರವು. ಬೆಳಗಿನ ಕೊಟ್ಟಿಗೆಯ ಕೆಲಸದಲ್ಲಿ ಅರ್ಧವನ್ನು ತಂದೆ ವಹಿಸಿಕೊಂಡರು. ಅವಳಿಗೆ ಈ ಹಂಚಿಕೆ ಪೂರ್ತಿ ಇಷ್ಟವಾಗಲಿಲ್ಲ, ರಾತ್ರಿ ಕೂರುವ ಹಟ ಮಾಡಿದಳು. ಆಗಲೇ ಒಂದು ಷರತ್ತು ಹಾಕಿದಳು: ತಾನು ಮಲಗುತ್ತೇನೆ, ಆದರೆ ಆ ಹೊತ್ತು ಬಂದರೆ ತನ್ನನ್ನು ಎಬ್ಬಿಸಬೇಕು. ತಂದೆ ಹೂಂ ಎಂದರು, ತಾಯಿ ಹೂಂ ಎಂದರು, ನಾನೂ ಹೂಂ ಎಂದೆ.

ಅಜ್ಜಿಗೂ ಒಂದು ಕೆಲಸ ಸಿಕ್ಕಿತು. ತಮ್ಮ ತಲೆಯಲ್ಲಿದ್ದ ಕೊಟ್ಟಿಗೆಯ ಲೆಕ್ಕವನ್ನು ಮೊಮ್ಮಗಳಿಂದ ನೋಟುಬುಕ್ಕಿನಲ್ಲಿ ಬರೆಸತೊಡಗಿದರು. ಒಂದೊಂದು ಹಸುವಿಗೆ ನಾಲ್ಕೈದು ಪುಟ: ಅದರ ತಾಯಿ ಯಾವುದು, ಎಷ್ಟು ಸೂಲು, ಮಾಸು ಬೀಳಲು ತಡವಾಗುತ್ತದೆಯೇ, ಯಾವ ಕಡೆಯಿಂದ ಕರೆಯಲು ಕೂತರೆ ಒದೆಯುತ್ತದೆ, ಹೊಸ ಕೈ ಮುಟ್ಟಿದರೆ ಹಾಲಿಳಿಸುತ್ತದೆಯೋ ಇಲ್ಲವೋ. ದಣಿವಾದಾಗ ಎರಡೇ ಸಾಲು, ಹಿತವಾಗಿದ್ದಾಗ ಎರಡು ಪುಟ. ನಡುನಡುವೆ ಹಸುವಿಗೆ ಸಂಬಂಧವಿಲ್ಲದ ಸಾಲುಗಳೂ ಇವೆ. ಅವು ಅವಳವು, ಅವನ್ನು ಇಲ್ಲಿ ಬರೆಯುವುದಿಲ್ಲ.

ನಡೆದದ್ದು

ಹುಡುಗಿ ಮರಳಿ ಬಂದ ಹತ್ತೊಂಬತ್ತನೆಯ ರಾತ್ರಿ ಅಜ್ಜಿ ತೀರಿಕೊಂಡರು. ಹಿಂದಿನ ಸಂಜೆಯಷ್ಟೇ ಅತ್ತೆ ಬಂದಿದ್ದರು. ವಾರದಿಂದ ನಿದ್ದೆಗೆಟ್ಟಿದ್ದ ಅಣ್ಣ ಅತ್ತಿಗೆಯನ್ನು ಮಲಗಿಸಿ, ರಾತ್ರಿಯ ಪಾಳಿಯನ್ನು ತಾವೇ ವಹಿಸಿಕೊಂಡಿದ್ದರು. ಮೂರು ಗಂಟೆಯ ಸುಮಾರಿಗೆ ಉಸಿರಿನ ಲಯ ಬದಲಾದಾಗ ಅವರು ಅಣ್ಣ ಅತ್ತಿಗೆಯನ್ನು ಎಬ್ಬಿಸಿದರು. ಮಗು ಮಲಗಿರಲಿ ಎಂದೂ ಹೇಳಿದರು. ಹುಡುಗಿಗೆ ಕೊಟ್ಟ ಮಾತಿನ ವಿಷಯ ಅವರಿಗೆ ಯಾರೂ ತಿಳಿಸಿರಲಿಲ್ಲ. ತಂದೆ ತಮ್ಮ ತಾಯಿಯ ಕೈ ಹಿಡಿದು ಕುಳಿತವರು ಬೇರೇನನ್ನೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ತಾಯಿಗೆ ಮಾತು ನೆನಪಿತ್ತು. ಒಮ್ಮೆ ಎದ್ದು ಮಗಳ ಕೋಣೆಯವರೆಗೆ ಹೋಗಿ, ಅವಳು ನಿದ್ದೆಯಲ್ಲಿದ್ದುದನ್ನು ನೋಡಿ, ಮನಸ್ಸು ಬಾರದೆ ಹಿಂದಿರುಗಿದರು. ಸುಮಾರು ನಲವತ್ತು ನಿಮಿಷದ ಬಳಿಕ ಅಜ್ಜಿಯ ಉಸಿರು ನಿಂತಿತು.

ಹುಡುಗಿ ನಾಲ್ಕೂವರೆಗೆ ತಾನಾಗಿಯೇ ಎದ್ದು, ಹಿತ್ತಲ ಬಾಗಿಲಿನಿಂದ ನೇರವಾಗಿ ಕೊಟ್ಟಿಗೆಗೆ ಹೋದಳು. ಎರಡು ಹಸು ಕರೆದು ಮೂರನೆಯದರ ಕೆಚ್ಚಲು ತೊಳೆದು ಕೂತಿದ್ದಾಗ ತಂದೆ ಬಂದು ಹೇಳಿದರು. ಅವಳು ಏಳಲಿಲ್ಲ. ಆ ಹಸುವಿನ ಹಾಲನ್ನು ಪೂರ್ತಿ ಕರೆದು, ಪಾತ್ರೆ ಮುಚ್ಚಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದಳು. ನೆರೆದಿದ್ದವರು ಅದನ್ನು ಕಂಡು, ಎಂಥ ಗಟ್ಟಿ ಮನಸ್ಸು ಎಂದು ಕೆಲವರು, ಅಜ್ಜಿ ಹೋದರೂ ಕಣ್ಣಲ್ಲಿ ನೀರಿಲ್ಲ ಎಂದು ಕೆಲವರು ಮಾತಾಡಿಕೊಂಡರು. ಅವಳು ನನಗೆ ಹೇಳಿದ್ದು ಒಂದೇ ವಾಕ್ಯ: ‘ಹಸು ಹಾಲಿಳಿಸಿತ್ತು, ಬಿಟ್ಟು ಬರುವ ಹಾಗಿರಲಿಲ್ಲ.’ ಕೆಚ್ಚಲನ್ನು ಮುಟ್ಟಿ ತೊಳೆದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿ ಹಾಲು ಇಳಿಯುತ್ತದೆ, ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕರೆಯದೆ ಬಿಟ್ಟರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ, ಬಾವು ಬರುವ ಭಯವೂ ಇರುತ್ತದೆ. ಅಜ್ಜಿ ಕಲಿಸಿದ್ದನ್ನು ಅವಳು ಅಜ್ಜಿ ಸತ್ತ ಸುದ್ದಿ ಕೇಳಿದ ಮೇಲೂ ಪಾಲಿಸಿದ್ದಳು. ಅವಳು ಅಳುತ್ತಿದ್ದಾಳೆಂದು ತಿಳಿಯಲು ಆ ಕೊಟ್ಟಿಗೆಯ ಕೆಲಸ ಗೊತ್ತಿದ್ದವರಿಗೆ ಮಾತ್ರ ಸಾಧ್ಯವಿತ್ತು.

ಅಂತ್ಯಕ್ರಿಯೆಯಲ್ಲಿ ಅವಳು ಯಾರ ಜೊತೆಯೂ ಮಾತಾಡಲಿಲ್ಲ. ನಂತರದ ಎರಡು ತಿಂಗಳು ತಾಯಿಯೊಂದಿಗೆ ಬೇಕಾದಷ್ಟೇ ಮಾತು, ಅತ್ತೆ ಬಂದರೆ ಕೊಟ್ಟಿಗೆಗೆ ಹೋಗಿಬಿಡುವುದು, ನೋಟುಬುಕ್ಕು ಪೆಟ್ಟಿಗೆಯ ತಳಕ್ಕೆ. ಅಜ್ಜಿಯ ಪಾಲಿನ ಕೆಲಸವೆಲ್ಲ ಮತ್ತೆ ಅವಳ ಮೇಲೆ ಬಿತ್ತು. ಹೊಲಮನೆಯಲ್ಲಿ ಸಾವಿಗೆ ಬಿಡುವಿಲ್ಲ. ಹಸುವನ್ನು ದಿನಕ್ಕೆರಡು ಸಲ ಕರೆಯಲೇಬೇಕು, ಒಬ್ಬರು ಹೋದರೆ ಅವರ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳಲೇಬೇಕು. ಹಾಗೆ ಎತ್ತಿಕೊಂಡ ಕೈ 13 ವರ್ಷದ್ದು ಎಂಬುದನ್ನು ಮನೆಯವರು ಮತ್ತೊಮ್ಮೆ ಮರೆತರು.

ಶಾಲೆಯಲ್ಲಿ ಇದು ದುಃಖದ ‘ಕೋಪದ ಹಂತ’, ತಾನಾಗಿಯೇ ದಾಟುತ್ತದೆ ಎಂದು ಯಾರೋ ತಾಯಿಗೆ ಹೇಳಿದ್ದರು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ, ನಿರಾಕರಣೆ, ಕೋಪ ಮೊದಲಾದ ಐದು ಹಂತಗಳು ಮೂಲತಃ ಸಾವನ್ನು ಎದುರಿಸುತ್ತಿದ್ದ ರೋಗಿಗಳೊಂದಿಗಿನ ಮಾತುಕತೆಯಿಂದ ಮೂಡಿದವು. ಅವನ್ನು ಅಗಲಿಕೆಯ ದುಃಖಕ್ಕೆ ಮೆಟ್ಟಿಲುಗಳಂತೆ ಅನ್ವಯಿಸಿದರೆ ಎದುರಿಗಿರುವ ಮನುಷ್ಯರ ನಿಜವಾದ ದೂರು ಕಿವಿಗೆ ಬೀಳುವುದಿಲ್ಲ. ಈ ಹುಡುಗಿಯ ಕೋಪಕ್ಕೆ ಕಾರಣವಿತ್ತು. ಮೂವರು ಹೂಂ ಎಂದಿದ್ದರು, ಮೂವರೂ ಮಾತು ಉಳಿಸಿಕೊಂಡಿರಲಿಲ್ಲ.

ಅಜ್ಜಿ ತೀರಿಕೊಂಡ ನಂತರದ ಮೂರನೆಯ ಭೇಟಿಯಲ್ಲಿ ನಾನು ಅವಳಲ್ಲಿ ಕ್ಷಮೆ ಕೇಳಿದೆ. ಸಮರ್ಥನೆ ಏನೂ ಸೇರಿಸದೆ, ಮಾತು ಕೊಟ್ಟದ್ದು ನಿಜ, ರಾತ್ರಿಯ ಪಾಳಿಗೆ ಹೊಸಬರು ಬಂದಾಗ ಅವರಿಗೆ ತಿಳಿಯುವ ಏರ್ಪಾಡು ಮಾಡುವುದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ ಎಂದೆ. ಅವಳು ಕೇಳಿದಳು: ‘ಬರೆದಿಟ್ಟಿರಲಿಲ್ಲವಾ ಮೇಡಂ? ಅಜ್ಜಿ ಹಸುವಿನ ವಿಷಯವನ್ನೂ ಬರೆಸಿದ್ದಳಲ್ಲ.’ ಅಜ್ಜಿಯ ಹಾಸಿಗೆಯ ತಲೆದಿಸೆಗೆ ನಮ್ಮದೊಂದು ಹಾಳೆ ತೂಗುಹಾಕಿರುತ್ತಿತ್ತು. ಅದರಲ್ಲಿ ಮಾರ್ಫಿನ್ ಕೊಟ್ಟ ಹೊತ್ತು, ಮಗ್ಗುಲು ಬದಲಿಸಿದ ಹೊತ್ತು, ನಮ್ಮ ಫೋನ್ ನಂಬರ್ ಎಲ್ಲ ಇದ್ದವು. ಅವಳ ಮಾತು ಇರಲಿಲ್ಲ. ನಾನು ಇಲ್ಲ ಎಂದೆ. ಅವಳು ಅಂದು ಮೊದಲ ಸಲ ನನ್ನೆದುರು ಅತ್ತಳು.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಯೋಚಿಸುವಾಗ ನನಗೆ ಒದಗಿದ್ದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಮುಂದಿಟ್ಟ ವಿವರಣೆ. ಅಗಲಿಕೆಯಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಬದುಕಿನ ಮುಂದಿನ ಕೆಲಸದ ಕಡೆಗೆ ತೂಗಾಡುತ್ತಿರುತ್ತಾರೆ, ಆ ತೂಗಾಟವೇ ಆರೋಗ್ಯಕರ ಎನ್ನುತ್ತದೆ ಅದು. ಹುಡುಗಿ ಕೊಟ್ಟಿಗೆಯಲ್ಲಿ ದುಡಿಯುವುದನ್ನು ನಾವು ತಪ್ಪಿಸಿಕೊಳ್ಳುವಿಕೆ ಎಂದು ಓದಬೇಕಾಗಿರಲಿಲ್ಲ, ಅಜ್ಜಿಯ ಹತ್ತಿರವಿರಲು ಅವಳಿಗೆ ಗೊತ್ತಿದ್ದ ದಾರಿಯೂ ಅದೇ ಆಗಿತ್ತು. ತೊಂದರೆ ಎಲ್ಲಿತ್ತೆಂದರೆ, ಕೆಲಸ ದಿನವನ್ನೆಲ್ಲ ತುಂಬಿಬಿಟ್ಟು ದುಃಖಕ್ಕೆ ತೂಗಿಬರಲು ಜಾಗ ಉಳಿದಿರಲಿಲ್ಲ. ದೀರ್ಘಕಾಲದ ಶೋಕದ ತೊಂದರೆಯನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಕನಿಷ್ಠ 6 ತಿಂಗಳ ಅವಧಿಯನ್ನು ಇಟ್ಟಿದೆ. ಅವಳಿಗೆ ಆಗ ನಾಲ್ಕನೆಯ ತಿಂಗಳು, ಊಟ ನಿದ್ದೆ ಸರಿಯಿತ್ತು, ಒಬ್ಬ ಗೆಳತಿಯಿದ್ದಳು. ಆದ್ದರಿಂದ ಮನೋವೈದ್ಯರ ಬಳಿ ಕಳುಹಿಸದೆ, ತಿಂಗಳಿಗೆರಡು ಸಲ ಹೋಗಿ ನೋಡುತ್ತಿರಲು ನಿರ್ಧರಿಸಿದೆವು.

ನಾಲ್ಕನೆಯ ತಿಂಗಳಲ್ಲಿ ಅತ್ತೆ ಅವಳೊಂದಿಗೆ ಮಾತಾಡಲು ಬಂದರು. ಹೇಗೆ ಮಾತಾಡಲಿ ಎಂದು ಮೊದಲು ನನ್ನನ್ನು ಕೇಳಿದ್ದರು. ನಡೆದದ್ದನ್ನು ಹೇಳಿ, ಸಮಾಧಾನಕ್ಕೆಂದು ಒಂದು ಮಾತನ್ನೂ ಸೇರಿಸಬೇಡಿ ಎಂದಿದ್ದೆ. ಅವರು ಆ ನಲವತ್ತು ನಿಮಿಷವನ್ನು, ಉಸಿರು ಹೇಗಿತ್ತು, ಯಾರು ಎಲ್ಲಿ ಕೂತಿದ್ದರು, ದೀಪ ಎಷ್ಟು ಸಣ್ಣಗಿತ್ತು ಎಂಬುದರವರೆಗೆ ಹೇಳಿದರು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ‘ನನ್ನನ್ನು ಕೇಳಿದಳಾ?’ ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು. ಅತ್ತೆ, ‘ಇಲ್ಲ ಪುಟ್ಟಾ, ಆಗ ಅವಳಿಗೆ ಮಾತೇ ಇರಲಿಲ್ಲ. ನಿನ್ನನ್ನು ಎಬ್ಬಿಸಬಾರದು ಅಂದದ್ದು ನಾನು, ತಪ್ಪಾಯಿತು’ ಎಂದರು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಎದ್ದು ಹೋಗದೆ ಅಲ್ಲೇ ಕೂತಿದ್ದಳು ಎಂದು ಅತ್ತೆ ನನಗೆ ಫೋನಿನಲ್ಲಿ ಹೇಳಿದರು. ಆ ವಾರ ನೋಟುಬುಕ್ಕು ಪೆಟ್ಟಿಗೆಯಿಂದ ಹೊರಬಂತು.

ಉಳಿದದ್ದು ಕೊಟ್ಟಿಗೆಯ ಪ್ರಶ್ನೆ. ಐದು ಹಸುಗಳನ್ನು ಅಜ್ಜಿಯಿಲ್ಲದೆ ಸಾಕುವುದು, ಹುಡುಗಿಯ ಓದು ಉಳಿಸಿಕೊಂಡು ಸಾಕುವುದು ಸಾಧ್ಯವಿರಲಿಲ್ಲ. ಎರಡನ್ನು ಕೊಟ್ಟುಬಿಡಬೇಕೆಂದು ತಂದೆ ತೀರ್ಮಾನಿಸಿ, ಹಿಂದಿನಂತೆ ಅವಳು ಶಾಲೆಗೆ ಹೋದ ದಿನ ಮುಗಿಸಿಬಿಡಲು ಯೋಚಿಸಿದ್ದರು. ತಾಯಿ ತಡೆದು ನಮ್ಮನ್ನು ಕೇಳಿದರು. ಯಾವುದನ್ನು ಕೊಡಬೇಕೆಂದು ಅವಳನ್ನೇ ಕೇಳಿದರೆ ಅದು ಗೌರವವೋ ಹೊರೆಯೋ ಎಂಬ ಬಗ್ಗೆ ನಮ್ಮ ತಂಡದಲ್ಲಿಯೇ ಒಮ್ಮತವಿರಲಿಲ್ಲ. ಕೊನೆಗೆ ಹೀಗೆ ಮಾಡಿದೆವು: ಎರಡು ಹಸು ಹೋಗುತ್ತವೆ ಎಂಬ ನಿರ್ಧಾರ ದೊಡ್ಡವರದು, ಅದನ್ನು ತಂದೆಯೇ ಅವಳಿಗೆ ತಿಳಿಸಬೇಕು, ಅದರ ಭಾರ ಅವಳ ಮೇಲೆ ಬೀಳಬಾರದು. ಯಾವ ಎರಡು ಎಂಬುದರಲ್ಲಿ ಅವಳ ಅಭಿಪ್ರಾಯ ಕೇಳಬೇಕು, ಹೇಳಲು ಇಷ್ಟವಿಲ್ಲದಿದ್ದರೆ ಬಿಡಬೇಕು.

ಅವಳು ಮೊದಲು ಜಗಳವಾಡಿದಳು, ಅತ್ತಳು, ಎರಡು ದಿನ ಸಮಯ ಕೇಳಿದಳು. ಆಮೇಲೆ ನೋಟುಬುಕ್ಕು ತಂದು ತಂದೆಯ ಮುಂದೆ ಬಿಡಿಸಿದಳು. ಅಜ್ಜಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಹಸುವನ್ನು ಉಳಿಸಿಕೊಳ್ಳಲು ಕೇಳುತ್ತಾಳೆ ಎಂದು ನಾವೆಲ್ಲ ಎಣಿಸಿದ್ದೆವು. ಅವಳು ಕೊಡಬಹುದೆಂದು ತೋರಿಸಿದ ಎರಡರಲ್ಲಿ ಅದೂ ಒಂದು. ‘ಇವೆರಡು ಹೊಸ ಕೈಗೆ ಒಗ್ಗುತ್ತವೆ ಅಂತ ಅಜ್ಜಿ ಬರೆಸಿದ್ದಾಳೆ. ಮಿಕ್ಕವು ಬೇರೆಯವರು ಮುಟ್ಟಿದರೆ ಹಾಲಿಳಿಸುವುದಿಲ್ಲ, ಹೋದ ಕಡೆ ಹೊಡೆತ ತಿನ್ನುತ್ತವೆ’ ಎಂದಳು. ಹಸುಗಳನ್ನು ಕೊಂಡವರಿಗೆ ಆ ಪುಟಗಳನ್ನು ಅಂದವಾಗಿ ನಕಲು ಮಾಡಿ ಕೊಟ್ಟಳು.

ಈ ಪ್ರಕರಣದಿಂದ ನಮಗೆ ತಿಳಿದದ್ದು

ಮನೆಯಲ್ಲಿ ಸಾವು ಹತ್ತಿರವಾದಾಗ ಹದಿಹರೆಯದವರಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿಯೇ ನಾವು ಬಹಳ ದಿನ ಕಳೆದೆವು. ಇಂದು ನಾನು ಹಾಗೆ ಮಾಡುವುದಿಲ್ಲ. ಮಗುವಿಗೆ ಎಷ್ಟು ಗೊತ್ತಿದೆ ಎಂದು ಮೊದಲು ತಿಳಿದುಕೊಂಡು, ಅದನ್ನು ಯಾರ ಬಾಯಿಂದ ಕೇಳಲು ಅದು ಕಾಯುತ್ತಿದೆ ಎಂದು ಆಮೇಲೆ ನೋಡುತ್ತೇನೆ. ಇಲ್ಲಿ ಅವಳು ಕಾಯುತ್ತಿದ್ದುದು ಸಾಯುತ್ತಿದ್ದವರ ಬಾಯಿಂದಲೇ. ತನ್ನ ಬದುಕಿನ ಬಹು ದೊಡ್ಡ ಸುದ್ದಿಯನ್ನು ಆರು ದಿನ ಮುಚ್ಚಿಟ್ಟುಕೊಂಡು ತಂದದ್ದೂ ಅವರಿಗಾಗಿಯೇ.

ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಎಂಬ ಸಂಶೋಧಕರು 1996ರಲ್ಲಿ ವಾದಿಸಿದಂತೆ, ಅಗಲಿದವರೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವುದು ಶೋಕದ ಗುರಿಯಾಗಬೇಕಿಲ್ಲ, ಅದು ರೂಪ ಬದಲಿಸಿ ಉಳಿಯಬಹುದು. ನೋಟುಬುಕ್ಕು ಅಂಥದೊಂದು ರೂಪ. ಆದರೆ ಎಲ್ಲ ಮನೆಗೂ ಒಂದು ನೋಟುಬುಕ್ಕು ಹಂಚಿದರೆ ಸಾಕು ಎಂದು ಯಾರೂ ಭಾವಿಸಬಾರದು. ಇದು ಫಲ ಕೊಟ್ಟದ್ದು ಅದರಲ್ಲಿದ್ದುದು ನಿಜವಾಗಿಯೂ ಬೇಕಾದ ತಿಳಿವಳಿಕೆಯಾಗಿದ್ದರಿಂದ. ಅದನ್ನು ನೋಡಿ ಒಂದು ಕಷ್ಟದ ನಿರ್ಧಾರ ತೆಗೆದುಕೊಳ್ಳಲು ಸಾಧ್ಯವಾಯಿತು. ನೆನಪಿಗೆಂದೇ ಮಾಡಿಸಿದ ವಸ್ತುವಿಗೆ ಆ ಬಲ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಎಬ್ಬಿಸಿದ್ದರೆ ಎಲ್ಲವೂ ಸರಿಯಾಗುತ್ತಿತ್ತೇ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ಗೊರಗೊರ ಉಸಿರನ್ನು, ನಿಂತು ನಿಂತು ಶುರುವಾಗುವ ಉಸಿರನ್ನು ನೋಡಿದ ನೆನಪು ಅವಳನ್ನು ಬೇರೆ ಬಗೆಯಲ್ಲಿ ಕಾಡಬಹುದಾಗಿತ್ತು. ಮಕ್ಕಳನ್ನು ಕಡ್ಡಾಯವಾಗಿ ಎಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ಎಬ್ಬಿಸುತ್ತೇವೆ ಎಂದ ಮೇಲೆ ಎಬ್ಬಿಸಬೇಕು. ಎಬ್ಬಿಸಲಾರೆವು ಎಂದಿದ್ದರೆ ಹಗಲಿನಲ್ಲಿಯೇ, ಅವಳು ಎಚ್ಚರವಿದ್ದಾಗಲೇ ಅದನ್ನು ಹೇಳಿ ಅವಳ ಜಗಳವನ್ನು ಎದುರಿಸಬೇಕಾಗಿತ್ತು.

ಹದಿಮೂರನೆಯ ತಿಂಗಳಲ್ಲಿ, ನಮ್ಮ ಕೊನೆಯ ಭೇಟಿಯಂದು, ಹಾಸಿಗೆಯ ತಲೆದಿಸೆಗೆ ಹಾಕುವ ಹಾಳೆಯನ್ನು ನಾವು ತಿದ್ದಿದ್ದನ್ನು ಅವಳಿಗೆ ತೋರಿಸಿದೆ. ‘ಮನೆಯ ಮಕ್ಕಳಿಗೆ ಮಾಹಿತಿ ನೀಡಬೇಕೇ?’ ಎಂದು ಒಂದು ಹೊಸ ಸಾಲು ಸೇರಿಸಿದ್ದೆ. ಅವಳು ಓದಿ, ನನ್ನ ಪೆನ್ನು ಕೇಳಿ ತೆಗೆದುಕೊಂಡು, ಆ ಸಾಲಿಗೆ ಅಡ್ಡಗೆರೆ ಎಳೆದು ಕೆಳಗೆ ಬರೆದಳು: ‘ರಾತ್ರಿ ಎಬ್ಬಿಸಬೇಕಾದವರ ಹೆಸರು’. ಈಗ ನಾವು ಹೋಗುವ ಎಲ್ಲ ಮನೆಗಳ ಹಾಳೆಯಲ್ಲೂ ಆ ಸಾಲು ಅವಳು ಬರೆದಂತೆಯೇ ಇದೆ.